ಡಾರ್ಮ್‌ಸ್ಟಾಟ್‌ಗೆ ಬರಬೇಕೋ ಬೇಡವೋ ಅನ್ನುವವರಿಗೆ

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿರುವ ಜಿಎಸ್‌ಐ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಪಿಎಚ್‌ಡಿಗೆ ಅವಕಾಶ ಸಿಕ್ಕಿದೆ, ಅಲ್ಲಿ ನ್ಯೂಕ್ಲಿಯಸ್‌ಗಳನ್ನು (ಪರಮಾಣುವಿನ ನಡುಗಟ್ಟಿ) ವೇಗವಾಗಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ, ಆದರೆ ಜಿನೀವಾದ ಸರ್ನ್ ಪ್ರಯೋಗಾಲಯದ ಯಂತ್ರದ ಮುಂದೆ ಇದು ಚಿಕ್ಕ ಯಂತ್ರ ಅಲ್ವಾ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಿ. ನಾನು ಇಲ್ಲೇ ನೆಲೆಸಿ ವರ್ಷಗಳಾದವು. ಮೊದಲು ಯಂತ್ರದ ವಿಷಯವೇ ಹೇಳುತ್ತೇನೆ. ಇಲ್ಲಿ ನಿಮ್ಮ ದಿನ ಹೇಗಿರಬೇಕು ಅಂತ ತೀರ್ಮಾನಿಸುವುದೇ ಅದು.

ಡಿಕ್ಕಿಯ ಶಕ್ತಿ ಜಾಸ್ತಿಯಾದರೆ ಅಲ್ಲಿ ಹುಟ್ಟುವ ದ್ರವ್ಯದ ಸಾಂದ್ರತೆಯೂ ಜಾಸ್ತಿಯಾಗುತ್ತದೆ ಅಂದುಕೊಳ್ಳಬೇಡಿ. ಸರ್ನ್‌ನಲ್ಲಿ ಸೀಸದ ನ್ಯೂಕ್ಲಿಯಸ್‌ಗಳು ಒಂದರೊಳಗೊಂದು ತೂರಿ ಆಚೆ ಹೋಗಿಬಿಡುತ್ತವೆ. ನಡುವೆ ಉಳಿಯುವುದು ವಿಪರೀತ ಬಿಸಿ, ಕಣ ಮತ್ತು ಪ್ರತಿಕಣ ಹೆಚ್ಚುಕಮ್ಮಿ ಸಮಸಮ. ಇಲ್ಲಿ ಚಿನ್ನದ ನ್ಯೂಕ್ಲಿಯಸ್ ಬೆಳಕಿನ ವೇಗದ ಶೇ. 90ರಷ್ಟರಲ್ಲಿ ಬಂದು ಚಿನ್ನದ ತೆಳು ಹಾಳೆಗೆ ಬಡಿಯುತ್ತದೆ. ಪ್ರೋಟಾನು, ನ್ಯೂಟ್ರಾನುಗಳು ತೂರಿ ಹೋಗಲಾರದೆ ಅಲ್ಲೇ ಒತ್ತರಿಸಿ ನಿಲ್ಲುತ್ತವೆ. ಮಾಮೂಲಿ ನ್ಯೂಕ್ಲಿಯಸ್‌ನ ಎರಡು ಮೂರು ಪಟ್ಟು ಸಾಂದ್ರತೆ! ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗಲೂ ಹೆಚ್ಚುಕಮ್ಮಿ ಇಂಥದ್ದೇ ಸ್ಥಿತಿ. 2017ರಲ್ಲಿ ಗುರುತ್ವ ಅಲೆಗಳಲ್ಲಿ ಕಂಡಿದ್ದು ಅಂಥದ್ದೇ ಡಿಕ್ಕಿ.

ಆದರೆ ಬೆಳಕು ಒಂದು ಪರಮಾಣುವನ್ನು ದಾಟುವಷ್ಟು ಹೊತ್ತೂ ಇದು ಉಳಿಯುವುದಿಲ್ಲ. ಒಳಗಿನ ಸುದ್ದಿ ಹೊರಗೆ ತರುವುದು ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್‌ನ ಜೋಡಿ. ನ್ಯೂಕ್ಲಿಯಸ್ ಅನ್ನು ಹಿಡಿದಿಡುವ ಬಲ ಅವನ್ನು ಮುಟ್ಟುವುದಿಲ್ಲ, ಹುಟ್ಟಿದ ಹಾಗೇ ಹೊರಬರುತ್ತವೆ. ಇಲ್ಲಿನ ಹೇಡಿಸ್ ಎಂಬ ಪ್ರಯೋಗದ ತಂಡ 2019ರಲ್ಲಿ ಇಂಥ ಜೋಡಿಗಳಿಂದಲೇ ಸುಮಾರು 80 ಸಾವಿರ ಕೋಟಿ ಡಿಗ್ರಿ ತಾಪ ಅಳೆದು ಪ್ರಕಟಿಸಿತು. ನನಗೆ ಈ ಕೆಲಸದಲ್ಲಿ ಇವತ್ತಿಗೂ ಅತಿ ಇಷ್ಟವಾದ ಭಾಗ ಅದು. ಜೋಡಿಗಳು ತೀರಾ ಅಪರೂಪ. ಮೇಲಾಗಿ ಡಿಕ್ಕಿಯಲ್ಲೇ ಹುಟ್ಟುವ ಪಯಾನ್ ಎಂಬ ಕಣ ಒಡೆದು ಹುಟ್ಟುವ ಸುಳ್ಳು ಜೋಡಿಗಳು ರಾಶಿ ರಾಶಿ. ಒಂದೊಂದನ್ನೇ ಸೋಸುತ್ತಾ ಹೋದರೆ ವರ್ಷಗಳೇ ಹಿಡಿಯುತ್ತವೆ.

ಹಾಗಾಗಿ ಬೀಮ್ (ಯಂತ್ರ ಕಳಿಸುವ ನ್ಯೂಕ್ಲಿಯಸ್‌ಗಳ ಕಿರಣ) ಬಂದಾಗ ಒಂದು ನಿಮಿಷವನ್ನೂ ಬಿಡುವುದಿಲ್ಲ. ಹಗಲೂ ರಾತ್ರಿ ಶಿಫ್ಟ್. ನಡುರಾತ್ರಿ ಕಣಗಳನ್ನು ಗುರುತಿಸುವ ಡಿಟೆಕ್ಟರ್‌ನ ಒಂದು ಭಾಗದ ಹೈವೋಲ್ಟೇಜ್ ಟ್ರಿಪ್ ಆಗುತ್ತದೆ. ಮತ್ತೆ ನಿಧಾನಕ್ಕೆ ಏರಿಸಬೇಕು, ಅದರೊಳಗಿನ ಗ್ಯಾಸ್ ನೋಡಬೇಕು, ಎಲ್ಲ ಲಾಗ್‌ಬುಕ್‌ನಲ್ಲಿ ಬರೆಯಬೇಕು. ಪಕ್ಕದಲ್ಲಿ ಪೋಲೆಂಡಿನವರೋ ಚೆಕ್ ದೇಶದವರೋ ಕೂತಿರುತ್ತಾರೆ. ಗೆಳೆತನ ಬೆಳೆಯುವುದು ಆ ಹೊತ್ತಿನಲ್ಲೇ.

ಲ್ಯಾಬಿನಲ್ಲಿ ಇಂಗ್ಲಿಷ್ ಸಾಕು. ಹೊರಗೆ ಸಾಲದು. ಮನೆ ಕರಾರು, ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ, ಎಲ್ಲ ಜರ್ಮನ್‌ನಲ್ಲೇ. ಭಾಷೆಯನ್ನು ಬರುವ ಮೊದಲೇ ಶುರುಮಾಡಿ.

ಜಿಎಸ್‌ಐ ಪಕ್ಕದಲ್ಲೇ ಫೇರ್ ಎಂಬ ಹೊಸ ಸಂಶೋಧನಾ ಕೇಂದ್ರದ 1,100 ಮೀಟರ್ ಸುತ್ತಳತೆಯ ಹೊಸ ವರ್ತುಲ ಯಂತ್ರ ಏಳುತ್ತಿದೆ. ಅಲ್ಲಿನ ಸಿಬಿಎಂ ಪ್ರಯೋಗಕ್ಕೆ ಸೆಕೆಂಡಿಗೆ 1 ಕೋಟಿ ಡಿಕ್ಕಿಗಳ ಗುರಿ. ಅದರಲ್ಲಿ ಮ್ಯೂಯಾನ್ ಎಂಬ ಕಣಗಳನ್ನು ಗುರುತಿಸುವ ಡಿಟೆಕ್ಟರ್ ಕೆಲಸದಲ್ಲಿ ಕೋಲ್ಕತ್ತದ ವಿಇಸಿಸಿ ಸಂಶೋಧನಾ ಸಂಸ್ಥೆ ಮುಂದಾಳು.

ಒಪ್ಪಿಕೊಳ್ಳುವ ಮೊದಲು ಮಾರ್ಗದರ್ಶಕರಿಗೆ ಒಂದೇ ಪ್ರಶ್ನೆ ಕೇಳಿ: ನನ್ನ ಪ್ರಬಂಧಕ್ಕೆ ಬೇಕಾದ ಡೇಟಾ ಈಗಾಗಲೇ ಕೈಯಲ್ಲಿದೆಯಾ, ಇಲ್ಲಾ ಮುಂದಿನ ಬೀಮ್‌ಗೆ ಕಾಯಬೇಕಾ? ಬೀಮ್ ವರ್ಷಪೂರ್ತಿ ಇರುವುದಿಲ್ಲ. ವೀಸಾ, ಮನೆ, ಸಂಬಳ ಎಲ್ಲದರ ಲೆಕ್ಕ ಆ ಉತ್ತರದ ಮೇಲೆ ನಿಂತಿರುತ್ತದೆ.