ಆಲ್ಬುಕರ್ಕಿಯಲ್ಲಿ ವಾರಾಂತ್ಯ: ಡೆನ್ವರ್ ಬೇಡ, ಬೇಗ ಏಳಿ

ಕೆಲಸಕ್ಕೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಗೆ ಬರುತ್ತಿದ್ದೇನೆ, ಅಲ್ಲಿ ಸಂಗೀತ, ಕಲೆ, ತಿರುಗಾಟ ಏನೂ ಇಲ್ಲವಂತೆ, ವಾರಾಂತ್ಯಕ್ಕೆ ಡೆನ್ವರ್‌ಗೋ ಫೀನಿಕ್ಸ್‌ಗೋ ಹೋಗುವುದು ಒಳ್ಳೆಯದಾ ಅಂತ ಕೇಳಿದ್ದೀರಿ. ಬೆಂಗಳೂರಿನಿಂದ ಬಂದ ಹೊಸದರಲ್ಲಿ ನಾನೂ ಇದನ್ನೇ ಕೇಳಿದ್ದೆ. ಹೋಗಿ ಅಂದರು, ಹೋದೆ. ಡೆನ್ವರ್ 450 ಮೈಲಿ. ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ವಾಪಸ್. ಸೋಮವಾರ ಆಫೀಸಿನಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ಆದರೆ ನನಗೆ ನಿಜವಾಗಿ ನಷ್ಟ ಮಾಡಿದ್ದು ಡೆನ್ವರ್ ಅಲ್ಲ. ಈ ಊರಿನಲ್ಲಿ ಇದ್ದಾಗಲೂ ತಡವಾಗಿ ಎದ್ದಿದ್ದು.

ಸ್ವಲ್ಪ ಉದ್ದವಾಗುತ್ತದೆ, ಆದರೂ ಹೇಳುತ್ತೇನೆ. ಅಕ್ಟೋಬರ್ ಮೊದಲ ವಾರ ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಬಲೂನ್ ಫಿಯೆಸ್ಟಾ ನಡೆಯುತ್ತಿತ್ತು. 1972ರಲ್ಲಿ ಒಂದು ಮಾಲ್‌ನ ಪಾರ್ಕಿಂಗ್ ಜಾಗದಲ್ಲಿ 13 ಬಿಸಿಗಾಳಿ ಬಲೂನುಗಳಿಂದ ಶುರುವಾದ ಹಬ್ಬ ಇದು. ಈಗ ಒಂಬತ್ತು ದಿನ ನಡೆಯುತ್ತದೆ, 500ಕ್ಕೂ ಜಾಸ್ತಿ ಬಲೂನುಗಳು ಬರುತ್ತವೆ. ಅಮ್ಮ ಊರಿನಲ್ಲಿ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದರು. ನಾನು ಇದನ್ನು ನಮ್ಮ ಕಡೆಯ ಜಾತ್ರೆ ಅಂದುಕೊಂಡಿದ್ದೆ. ಜಾತ್ರೆಗೆ ಯಾವಾಗ ಹೋದರೂ ಜಾತ್ರೆಯೇ ಅಲ್ವಾ? ಆರಾಮಾಗಿ ಎದ್ದು, ಉಪ್ಪಿಟ್ಟು ತಿಂದು, ಎಂಟರ ಮೇಲೆ ಹೊರಟೆವು. ಹೈವೇಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಕಿಟಕಿಯಿಂದ ನೋಡುತ್ತಿದ್ದ ಹಾಗೇ ಬಲೂನುಗಳು ಒಂದೊಂದಾಗಿ ಇಳಿದುಹೋದವು. ಮೈದಾನ ಸೇರುವಷ್ಟರಲ್ಲಿ ಆಕಾಶ ಖಾಲಿ.

ನಾಳೆ ನೋಡೋಣ ಅಂದೆ. ಮರುದಿನ ಕತ್ತಲಿದ್ದಾಗಲೇ ಹೋದೆವು. ಗಾಳಿ ಜೋರಾಗಿತ್ತು, ಕೆಂಪು ಬಾವುಟ ಹಾರಿಸಿದರು. ಹಸಿರು ಅಂದರೆ ಹಾರಾಟ, ಹಳದಿ ಅಂದರೆ ಕಾಯಬೇಕು, ಕೆಂಪು ಅಂದರೆ ಅವತ್ತಿಗೆ ಮುಗಿಯಿತು. ಅದರ ಮಾರನೇ ದಿನ ಅವರ ವಿಮಾನ. ಮುಂದಿನ ಸಲ ನೋಡಿದರಾಯಿತು ಬಿಡು ಅಂದರು ಅಮ್ಮ. ಆಮೇಲೆ ಅಪ್ಪನ ಮಂಡಿನೋವು ಜಾಸ್ತಿಯಾಯಿತು. ಅಷ್ಟು ದೂರದ ಪ್ರಯಾಣ ಅವರಿಗೆ ಇನ್ನು ಆಗುವುದಿಲ್ಲ.

ಬೆಳಗ್ಗೆಯೇ ಯಾಕೆ ಹಾರಿಸುತ್ತಾರೆ ಅಂತ ಆಮೇಲೆ ತಿಳಿದುಕೊಂಡೆ. ಬಿಸಿಗಾಳಿ ಬಲೂನಿಗೆ ಸ್ಟಿಯರಿಂಗ್ ಇಲ್ಲ. ಗಾಳಿ ಯಾವ ಕಡೆಗೋ ಅದೂ ಆ ಕಡೆಗೆ. ಪೈಲಟ್ ಮಾಡಬಹುದಾದ್ದು ಇಷ್ಟೇ: ಮೇಲೆ ಏರುವುದು, ಕೆಳಗೆ ಇಳಿಯುವುದು. ರಾತ್ರಿ ತಣ್ಣಗಾದ ಗಾಳಿ ರಿಯೋ ಗ್ರಾಂಡೆ ನದಿ ಕಣಿವೆಯ ಇಳಿಜಾರು ಹಿಡಿದು ದಕ್ಷಿಣಕ್ಕೆ ಹರಿಯುತ್ತದೆ. ಅದರ ಮೇಲಿನ ಪದರದಲ್ಲಿ ಗಾಳಿ ಉತ್ತರಕ್ಕೆ ಬೀಸುತ್ತಿರುತ್ತದೆ. ಹಾಗಾಗಿ ಕೆಳಗಿನ ಗಾಳಿಯಲ್ಲಿ ದಕ್ಷಿಣಕ್ಕೆ ಹೋಗಿ, ಮೇಲೇರಿ ಉತ್ತರಕ್ಕೆ ತಿರುಗಿ, ಒಮ್ಮೊಮ್ಮೆ ಹೊರಟ ಮೈದಾನದಲ್ಲೇ ಬಂದು ಇಳಿಯಬಹುದು. ಇಲ್ಲಿಯವರು ಇದಕ್ಕೆ 'ಬಾಕ್ಸ್' ಅನ್ನುತ್ತಾರೆ. ಬಿಸಿಲೇರಿ ನೆಲ ಕಾದರೆ ಪದರಗಳು ಕಲಸಿಹೋಗುತ್ತವೆ, ಗಾಳಿ ಏಳುತ್ತದೆ. ನಾವು ಉಪ್ಪಿಟ್ಟು ತಿನ್ನುತ್ತಿದ್ದಾಗ ಬಲೂನುಗಳು ಆಗಲೇ ಏರುತ್ತಿದ್ದವು. ಬಲೂನುಗಳು ಸಾಲುಸಾಲಾಗಿ ಏಳುವ ಮಾಸ್ ಅಸೆನ್ಷನ್ ಏಳರ ಹೊತ್ತಿಗೇ ಶುರುವಾಗುತ್ತದೆ. ಅದಕ್ಕೂ ಮೊದಲು, ಕತ್ತಲಲ್ಲೇ, ಕೆಲವು ಬಲೂನುಗಳು ಗಾಳಿ ನೋಡಲು ಏರುತ್ತವೆ. ನಾಲ್ಕೂವರೆಗೆ ಮನೆ ಬಿಟ್ಟರೆ ಅದೂ ಸಿಗುತ್ತದೆ. ಮೈದಾನದವರೆಗೆ ಸ್ವಂತ ಕಾರು ಬೇಡ, ಊರಲ್ಲಿ ಕಾರು ನಿಲ್ಲಿಸಿ ಹತ್ತುವ ಪಾರ್ಕ್ ಅಂಡ್ ರೈಡ್ ಬಸ್ಸಿಗೆ ಟಿಕೆಟ್ ಮಾಡಿಸಿ. ಊರಿನಿಂದ ಯಾರಾದರೂ ಬರುವುದಿದ್ದರೆ ಒಂದೇ ದಿನ ನಂಬಿಕೊಂಡು ವಿಮಾನ ಬುಕ್ ಮಾಡಬೇಡಿ. ಕೆಂಪು ಬಾವುಟಕ್ಕೆ ಎರಡು ಮೂರು ದಿನ ಬಿಟ್ಟುಕೊಳ್ಳಿ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಲ್ಲಿಗೆ ಹೋಗಲಿ ಅಂತ ಕೇಳುತ್ತಿದ್ದೀರಿ. ಈ ಊರಿನಲ್ಲಿ ಯಾವ ತಿಂಗಳು, ಎಷ್ಟು ಗಂಟೆಗೆ ಅಂತ ಕೇಳಬೇಕು. ಇಲ್ಲಿ ಏನೂ ಇಲ್ಲ ಅನ್ನುವವರಲ್ಲಿ ಹೆಚ್ಚಿನವರು ಶನಿವಾರ ಮಧ್ಯಾಹ್ನ ಹೊರಗೆ ಬಂದು ನೋಡಿದವರು.

ಸಾಂಡೀಯಾ ಬೆಟ್ಟ ನೋಡಿ. ಊರಿನ ಅಂಚಿನಲ್ಲೇ ಇದೆ. 1966ರಿಂದ ಓಡುತ್ತಿರುವ ಟ್ರಾಮ್ (ರೋಪ್‌ವೇ) 2.7 ಮೈಲಿ ತಂತಿಯ ಮೇಲೆ 10,378 ಅಡಿಗೆ ಒಯ್ಯುತ್ತದೆ. ಅದು ಮುಳ್ಳಯ್ಯನಗಿರಿಗಿಂತ ನಾಲ್ಕು ಸಾವಿರ ಅಡಿ ಎತ್ತರ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಮಿಂಚು ಬರುತ್ತದೆ. ಮಿಂಚು ಬಂದರೆ, ಗಾಳಿ ಎದ್ದರೆ ಟ್ರಾಮ್ ನಿಲ್ಲಿಸುತ್ತಾರೆ. ಚಾರಣ ಮಾಡುವುದಿದ್ದರೆ ಹನ್ನೆರಡರೊಳಗೆ ಶಿಖರ ಬಿಟ್ಟು ಇಳಿಯಿರಿ. ಬಂದ ಮೊದಲ ವಾರವೇ ಹತ್ತಬೇಡಿ, ಉಸಿರು ಹಿಡಿಯುತ್ತದೆ. ಊರೇ 5,000 ಅಡಿಯ ಮೇಲಿದೆ.

ಸಂಗೀತ ಇಲ್ಲ ಅಂದವರ ಮಾತಂತೂ ನಂಬಲೇಬೇಡಿ. ಭಾನುವಾರ ಬೆಳಗ್ಗೆ ಹತ್ತೂವರೆಗೆ 'ಚ್ಯಾಟರ್' ಎಂಬ ಕಛೇರಿ ನಡೆಯುತ್ತದೆ. ಕಾಫಿ, ಕೆಲವೇ ವಾದಕರು ನುಡಿಸುವ ಚೇಂಬರ್ ಸಂಗೀತ, ಒಬ್ಬ ಕವಿ, ನಡುವೆ ಎರಡು ನಿಮಿಷ ಎಲ್ಲರೂ ಸುಮ್ನೆ ಕೂರುವುದು. ಡೆನ್ವರ್‌ನಲ್ಲಿ ಕೇಳಿದ ಯಾವ ದೊಡ್ಡ ಕಾರ್ಯಕ್ರಮವೂ ನನಗೆ ಇಷ್ಟು ಹತ್ತಿರವಾಗಿಲ್ಲ. ಜೂನ್‌ನಲ್ಲಿ ಫ್ಲಮೆಂಕೊ ಎಂಬ ಸ್ಪ್ಯಾನಿಷ್ ನೃತ್ಯದ ಉತ್ಸವ. 1987ರಿಂದ ನಡೆಯುತ್ತಿದೆ, ಸ್ಪೇನ್‌ನಿಂದ ಕಲಾವಿದರು ಬರುತ್ತಾರೆ. ಕಾಲಿನ ಲೆಕ್ಕ, ಚಪ್ಪಾಳೆಯ ತಾಳ ನಮ್ಮವರಿಗೆ ತಕ್ಷಣ ಹಿಡಿಸುತ್ತದೆ. ಜಾಝ್ ಬೇಕಾದರೆ ಔಟ್‌ಪೋಸ್ಟ್ ಎಂಬ ಸಭಾಂಗಣ ಇದೆ. 1927ರ ಕೀಮೋ ಥಿಯೇಟರಿಗೆ ಕಾರ್ಯಕ್ರಮ ಯಾವುದಾದರೂ ಸರಿ, ಒಳಾಂಗಣ ನೋಡಲಾದರೂ ಹೋಗಿ. ಇಲ್ಲಿನ ಮೂಲನಿವಾಸಿ ಪ್ವೆಬ್ಲೊ ಜನರ ಚಿತ್ತಾರಗಳು, ಕಣ್ಣಲ್ಲಿ ದೀಪ ಉರಿಯುವ ಕಾಡೆಮ್ಮೆಯ ತಲೆಬುರುಡೆಗಳು. ಸ್ಟೇಡಿಯಂ ತುಂಬಿಸುವ ಗಾಯಕರೇ ಬೇಕು ಅಂದರೆ ವರ್ಷಕ್ಕೊಮ್ಮೆ ಡೆನ್ವರ್‌ಗೆ ಹೋಗಿ ಬನ್ನಿ, ಸಾಕು.

ಕಲೆಗೆ ನನ್ನ ಆಯ್ಕೆ ನ್ಯಾಷನಲ್ ಹಿಸ್ಪಾನಿಕ್ ಕಲ್ಚರಲ್ ಸೆಂಟರಿನ ಗೋಪುರ. ಒಳಗೆ ಫ್ರೆಡರಿಕೊ ವಿಜಿಲ್ ಬರೆದ 4,000 ಚದರಡಿಯ ಫ್ರೆಸ್ಕೊ (ಹಸಿ ಗಾರೆಯ ಮೇಲೆ ಬರೆಯುವ ಭಿತ್ತಿಚಿತ್ರ) ಇದೆ. ದಿನವಿಡೀ ತೆರೆದಿರುವುದಿಲ್ಲ, ಸಮಯ ನೋಡಿಕೊಂಡು ಹೋಗಿ.

ನೀವು ಬರುವುದು ಆಗಸ್ಟ್ ಕೊನೆಗೆ ಅಂದಿದ್ದೀರಿ. ಸರಿಯಾದ ಹೊತ್ತು. ಆಗ ಅಂಗಡಿಗಳ ಮುಂದೆ ಜಾಲರಿಯ ಪೀಪಾಯಿಗಳಲ್ಲಿ ಹಸಿರು ಮೆಣಸಿನಕಾಯಿ ಸುಡುತ್ತಾರೆ. ಮೆಣಸಿನಕಾಯಿ ಅಮೆರಿಕ ಖಂಡದ್ದೇ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂದು, ಕೊನೆಗೆ ಬ್ಯಾಡಗಿಯಲ್ಲೂ ನೆಲೆಯಾಯಿತು. ಇಲ್ಲಿ ಹೋಟೆಲಿಗೆ ಹೋದರೆ ಮೊದಲು ಕೇಳುವುದೇ ಮೆಣಸಿನಕಾಯಿ ಸಾಸ್ 'ಕೆಂಪೋ ಹಸಿರೋ' ಅಂತ. ಎರಡೂ ಬೇಕಾದರೆ 'ಕ್ರಿಸ್‌ಮಸ್' ಅನ್ನಿ. ಸಸ್ಯಾಹಾರಿಯಾದರೆ ಪ್ರತಿ ಸಲ ಕೇಳಿ. ಕೆಂಪು ಸಾಸಿನಲ್ಲಿ ಹಂದಿ ಮಾಂಸ, ಬೀನ್ಸಿನಲ್ಲಿ ಹಂದಿ ಕೊಬ್ಬು ಇರುವುದುಂಟು. ಬಂದ ವಾರವೇ ಒಂದು ಚೀಲ ಸುಡಿಸಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಡಿ. ಸಿಪ್ಪೆ ಆಗಲೇ ತೆಗೆಯಬೇಡಿ, ಕರಗಿಸಿದ ಮೇಲೆ ಸುಲಭವಾಗಿ ಬಿಡುತ್ತದೆ. ಅಕ್ಕಿರೊಟ್ಟಿ ಜೊತೆಗೆ ಚೆನ್ನಾಗಿರುತ್ತದೆ.