‘ಡಿಡಂಟ್ ವೆಂಟ್’ ಯಾಕೆ ತಪ್ಪು?

ಪ್ರಶ್ನೆ: ‘ಅವನು ಹೋಗಲಿಲ್ಲ’ ಅನ್ನೋದಕ್ಕೆ ‘ಹಿ ಡಿಡಂಟ್ ವೆಂಟ್’ ಅಂತ ಬರೆದೆ. ತಪ್ಪು ಅಂದರು. ಮುಗಿದು ಹೋದ ವಿಷಯ ತಾನೇ, ‘ವೆಂಟ್’ ಯಾಕೆ ಬರಬಾರದು?

ಉತ್ತರ: ಮುಗಿದು ಹೋಯಿತು ಅನ್ನೋದನ್ನು ‘ಡಿಡ್’ ಆಗಲೇ ಹೇಳಿದೆ. ಒಂದೇ ಮಾತನ್ನು ಎರಡು ಸಲ ಹೇಳೋದು ಬೇಡ, ‘ಹಿ ಡಿಡಂಟ್ ಗೋ’ ಅಂದರೆ ಸಾಕು. ಇದೇನೋ ಇಂಗ್ಲಿಷಿನ ಕಿತಾಪತಿ ಅಂತ ತುಂಬಾ ಜನ ಬೈಯುತ್ತಾರೆ, ಆದರೆ ಕನ್ನಡದಲ್ಲೂ ನಾವು ಹೆಚ್ಚುಕಡಿಮೆ ಇದನ್ನೇ ಮಾಡುತ್ತೇವೆ, ಗಮನಿಸಿರುವುದಿಲ್ಲ ಅಷ್ಟೇ. ಹೋದೆ, ಹೋದನು, ಹೋದಳು, ಹೋದರು: ಇವಕ್ಕೆ ‘ಇಲ್ಲ’ ಸೇರಿಸಿ ನೋಡಿ. ಎಲ್ಲವೂ ‘ಹೋಗಲಿಲ್ಲ’ ಆಗುತ್ತವೆ. ‘ಹೋದನಿಲ್ಲ’ ಅಂತ ಯಾರಾದರೂ ಅನ್ನುತ್ತಾರಾ? ‘ಇಲ್ಲ’ ಬಂದ ತಕ್ಷಣ ‘ಹೋದ’ ಅನ್ನೋ ರೂಪ ಬಿದ್ದುಹೋಗುತ್ತೆ. ಅಲ್ಲಿ ‘ವೆಂಟ್’ಗೆ ಆಗೋದೂ ಅದೇ.

‘ಶಿ ರೈಟ್ಸ್’ನ ಕೊನೆಯ ‘ಸ್’ ಕೂಡ ಹೀಗೇ ಜಾಗ ಬದಲಾಯಿಸುತ್ತೆ. ‘ಶಿ ಡಸಂಟ್ ರೈಟ್’ ಅಂದಾಗ ಅದು ‘ಡಸ್’ಗೆ ಹೋಗಿ ಕೂತಿರುತ್ತೆ. ಜಾಸ್ತಿ ಗೊಂದಲ ಆಗೋದು ‘ಡೂ’ ಅನ್ನೋದೇ ಮುಖ್ಯ ಕ್ರಿಯಾಪದ ಆದಾಗ. ‘ಹಿ ಡಿಡಂಟ್ ಡೂ ಇಟ್’ ಅಂತ ಎರಡೆರಡು ಸಲ ಬರೆಯಲು ಕೈ ಹಿಂದೇಟು ಹಾಕುತ್ತೆ, ಆದರೂ ಅದೇ ಸರಿ. ಮೊದಲನೆಯದು ಸಹಾಯಕ, ಎರಡನೆಯದು ಕೆಲಸ.

ಈಸ್, ಆರ್, ಕ್ಯಾನ್, ವಿಲ್, ಶುಡ್ ಇವಕ್ಕೆ ‘ಡೂ’ ಹಂಗೇ ಇಲ್ಲ, ನೇರ ‘ನಾಟ್’ ಹಾಕಿ. ಶೇಕ್ಸ್‌ಪಿಯರ್ ಕಾಲದಲ್ಲಿ, ಅಂದರೆ 1600ರ ಆಸುಪಾಸಿನಲ್ಲಿ, ‘ಐ ನೋ ನಾಟ್’ ಅಂತಲೂ ಬರೆಯುತ್ತಿದ್ದರು. ಈಗ ಹಾಗೆ ಬರೆದರೆ ನಾಟಕದ ಮಾತಿನ ಹಾಗೆ ಕೇಳಿಸುತ್ತೆ.

ಪ್ರಶ್ನೆ: ‘ಬರುವುದಿಲ್ಲ’ ಅನ್ನೋದಕ್ಕೆ ‘ಡಸಂಟ್ ಕಮ್’ ಹಾಕಬೇಕೋ ‘ವೋಂಟ್ ಕಮ್’ ಹಾಕಬೇಕೋ?

ಉತ್ತರ: ಕನ್ನಡದ ಒಂದು ‘ಬರುವುದಿಲ್ಲ’ ಎರಡೂ ಕೆಲಸ ಮಾಡುತ್ತೆ, ತೊಂದರೆ ಇರೋದೇ ಇಲ್ಲಿ. ಹಿಂದೆ ‘ನಾಳೆ’ ಅಂತ ಸೇರಿಸಿ ನೋಡಿ, ಹೊಂದಿದರೆ ‘ವೋಂಟ್’. ‘ಯಾವಾಗಲೂ’ ಅಥವಾ ‘ಭಾನುವಾರಗಳಲ್ಲಿ’ ಅನ್ನೋದು ಹೊಂದಿದರೆ, ಅಂದರೆ ಅದು ರೂಢಿಯ ಮಾತಾದರೆ, ‘ಡಸಂಟ್’. ‘ಬಂದಿಲ್ಲ’ ಅಂದರೆ ‘ಹ್ಯಾಸಂಟ್ ಕಮ್’, ಇನ್ನೂ ಬರಬಹುದು. ‘ಬರಲಿಲ್ಲ’ ಅಂದರೆ ‘ಡಿಡಂಟ್ ಕಮ್’, ಆ ಕಥೆ ಮುಗಿಯಿತು. ಈ ಕೊನೆಯ ಎರಡರಲ್ಲಿ ಕನ್ನಡವೇ ನಿಮಗೆ ದಾರಿ ತೋರಿಸುತ್ತೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಅಂದ ಹಾಗೆ ನಿಮ್ಮ ಪತ್ರದಲ್ಲೇ ‘ಐ ಆಮ್ ನಾಟ್ ನೋಯಿಂಗ್’ ಅಂತ ಒಂದು ವಾಕ್ಯ ಇತ್ತು. ನೋ, ಲೈಕ್, ವಾಂಟ್, ಅಂಡರ್‌ಸ್ಟ್ಯಾಂಡ್ ಇವೆಲ್ಲ ಮನಸ್ಸಿನ ಸ್ಥಿತಿ ಹೇಳೋ ಪದಗಳು, ಸಾಮಾನ್ಯವಾಗಿ ಇವಕ್ಕೆ ‘ಇಂಗ್’ ಅಂಟಿಸುವುದಿಲ್ಲ. ‘ಐ ಡೋಂಟ್ ನೋ’ ಅಂದರೆ ಆಯಿತು.

ಪ್ರಶ್ನೆ: ‘ಯಾರೂ ಬರಲಿಲ್ಲ’ ಅಂದರೆ ‘ನೋಬಡಿ ಡಿಡಂಟ್ ಕಮ್’ ಅಲ್ವಾ?

ಉತ್ತರ: ಅಲ್ಲ. ‘ಯಾರೂ’ ಅನ್ನೋದರಲ್ಲಿ ‘ಇಲ್ಲ’ ಸೇರಿಲ್ಲ, ಅದಕ್ಕೇ ಕನ್ನಡದಲ್ಲಿ ಕೊನೆಗೆ ‘ಇಲ್ಲ’ ಬೇಕು. ‘ನೋಬಡಿ’ಯ ಹೊಟ್ಟೆಯಲ್ಲೇ ‘ನೋ’ ಇದೆ. ಹಾಗಾಗಿ ‘ನೋಬಡಿ ಕೇಮ್’ ಅನ್ನಿ, ಇಲ್ಲಿ ‘ಡಿಡ್’ ಇಲ್ಲದ್ದರಿಂದ ‘ಕೇಮ್’ ವಾಪಸ್ ಬರುತ್ತೆ. ‘ನಥಿಂಗ್’, ‘ನೆವರ್’ ಇವಕ್ಕೂ ಇದೇ ಲೆಕ್ಕ.

ಪ್ರಶ್ನೆ: ‘ಮಸ್ಟಂಟ್ ಗೋ’, ‘ಡೋಂಟ್ ಹ್ಯಾವ್ ಟು ಗೋ’ ಎರಡೂ ಒಂದೇನಾ?

ಉತ್ತರ: ಖಂಡಿತ ಅಲ್ಲ. ಮೊದಲನೆಯದು ‘ಹೋಗಬಾರದು’, ಎರಡನೆಯದು ‘ಹೋಗಬೇಕಾಗಿಲ್ಲ’, ಇಷ್ಟವಿದ್ದರೆ ಹೋಗಬಹುದು. ಕಚೇರಿಯ ಪತ್ರದಲ್ಲಿ ಇವು ಅದಲು ಬದಲಾದರೆ ರಜೆ ಕೊಟ್ಟವರು ನಿಷೇಧ ಹೇರಿದ ಹಾಗಾಗುತ್ತೆ.