ಕಾಸರಗೋಡಿನ ಬಾಯಾರು, ಪಡ್ರೆ ಕಡೆಯ ನೀರಿನ ಸುರಂಗಗಳಲ್ಲಿ ಪಂಪಿಲ್ಲದೆ ನೀರು ಬರುವುದು ಹೇಗೆ? ಬೋರ್‌ವೆಲ್‌ಗಿಂತ ಅದು ಮೇಲೇ?

ಎಲ್ಲಾ ಮುರಕಲ್ಲಿನ (ಲ್ಯಾಟರೈಟ್) ಕರಾಮತ್ತು. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪದವಿನ (ಗುಡ್ಡದ ಮೇಲಿನ ಬಯಲು) ಮೇಲೆ ಬಿದ್ದ ನೀರು ಮುರಕಲ್ಲಿನ ತೂತು, ಬಿರುಕುಗಳಲ್ಲಿ ಬೇಗ ಇಳಿಯುತ್ತದೆ. ಅದರಡಿಯ ಶೇಡಿಮಣ್ಣು ನುಣ್ಣನೆಯ ಜೇಡಿ, ನೀರನ್ನು ಸುಲಭಕ್ಕೆ ಕೆಳಗೆ ಬಿಡದು. ಹಾಗಾಗಿ ನೀರು ಅದರ ಮೇಲೆ ಇಳಿಜಾರಿನತ್ತ ಸರಿಯುತ್ತದೆ. ಗುಡ್ಡಕ್ಕೆ ಅಡ್ಡ ತೋಡಿದ ಸುರಂಗ ಆ ದಾರಿಯನ್ನು ಸಂಧಿಸಿದರೆ ಒಸರು ಸಿಕ್ಕಿತು. ನೆಲಕ್ಕೆ ಹೊರಬಾಯಿಯ ಕಡೆ ತುಸು ವಾಟ ಕೊಟ್ಟಿರುತ್ತಾರೆ, ನೀರು ತಾನಾಗಿ ಹರಿದು ಬರುತ್ತದೆ.

ಸುರಂಗ ಕುಸಿಯದಿರುವುದೂ ಇದೇ ಕಲ್ಲಿನಿಂದ. ಗಾಳಿಗೆ ತೆರೆದುಕೊಂಡಷ್ಟೂ ಅದು ಗಟ್ಟಿಯಾಗುತ್ತದೆ. ಶೇಡಿಮಣ್ಣಿನೊಳಗೆ ತೋಡುವುದು ಮಾತ್ರ ಜೀವಕ್ಕೇ ಅಪಾಯ.

ಬೋರ್‌ವೆಲ್ಲಿನ ಕಥೆ ಬೇರೆ. ಅದು ಕೆಳಗಿನ ಗಟ್ಟಿ ಬಂಡೆಯ ಬಿರುಕಿನ ನೀರನ್ನು ಎಳೆಯುತ್ತದೆ, ಅಲ್ಲಿ ಮರುಪೂರಣ ನಿಧಾನ. ಸುರಂಗ ತನ್ನ ನೆಲಮಟ್ಟಕ್ಕಿಂತ ಕೆಳಗಿನ ಹನಿಯನ್ನೂ ಮುಟ್ಟಲಾರದು, ಹಾಗಾಗಿ ಅಡಿಯ ನೀರನ್ನು ಬರಿದು ಮಾಡದು; ಪಂಪಿಗೆ ಆ ಮಿತಿಯಿಲ್ಲ. ಹಾಗೆಂದು ಎಲ್ಲ ಗುಡ್ಡದಲ್ಲೂ ಸುರಂಗ ನೀರು ಕೊಡುವುದಿಲ್ಲ, ಏಪ್ರಿಲ್ ಹೊತ್ತಿಗೆ ಧಾರೆ ಸಣ್ಣದಾಗುವುದೂ ಸಹಜ. ಹಾಗಾಗಿ ಅಡಕೆ ತೋಟಕ್ಕೆ ನೀರು ಕೂಡಿಡುವ ಟಾಂಕಿ ಬೇಕೇ ಬೇಕು. ನನ್ನ ಮಟ್ಟಿಗೆ ದೊಡ್ಡ ಚಿಂತೆ ಮೇಲಿನ ಪದವಿನ ಕಲ್ಲುಕೋರೆಗಳದ್ದು: ಮುರಕಲ್ಲನ್ನೇ ಕೊಯ್ದು ಸಾಗಿಸಿದರೆ ನೀರು ಹಿಡಿದಿಡುವ ಪದರವೇ ಲಾರಿ ಹತ್ತಿದ ಹಾಗೆ.